ಮೂವತ್ತೆಂಟು ನಿಮಿಷದ ವ್ಯಾನು

೬ ಫೆಬ್ರವರಿ ೧೯೮೪, ಸೋಮವಾರ

ಹಳಿಯಾಳ ತಾಲೂಕಿನ ಸಮಸ್ತ ನಾಗರಿಕರಿಗೂ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಬಂಧುಗಳಿಗೂ, ಕಾಳೀ ನದಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಬಿದಿರಕಟ್ಟಿ ದವಾಖಾನೆಯ ಕಚೇರಿ ಕೋಣೆಯಲ್ಲಿ, ಗುಮಾಸ್ತ ಅಡಿವೆಯ್ಯನಾದ ನನ್ನ ಕುರ್ಚಿಯ ನೇರ ಎದುರಿಗೆ, ಒಂದು ಗೋಡೆ ಗಡಿಯಾರವನ್ನು ತೂಗುಹಾಕಲಾಯಿತು. ಸಮಾರಂಭಕ್ಕೆ ನಾನು, ಡ್ರೈವರ್ ಈಶಪ್ಪ ಮತ್ತು ಒಂದು ಸ್ಟೂಲು ಹಾಜರಿದ್ದೆವು. ಸ್ಟೂಲಿನ ಒಂದು ಕಾಲು ಗಿಡ್ಡ. ಈಶಪ್ಪ ಅದನ್ನು ಹಿಡಿದುಕೊಂಡ, ನಾನು ಹತ್ತಿ ಮೊಳೆ ಹೊಡೆದೆ.

"ಟೈಮ್ ಎಷ್ಟು ಇಡ್ತೀರಿ ಅಡಿವೆಯ್ಯಾರ?" ಎಂದ.

"ಹತ್ತು ಹೊಡೆದು ಹತ್ತು ಮಿನಿಟು," ಎಂದೆ.

ಅಂಗಡಿಯಲ್ಲಿ ನೇತುಹಾಕಿದ ಗಡಿಯಾರಗಳೆಲ್ಲ ತೋರಿಸುವ ವೇಳೆ ಅದೇ. ಮೀಸೆ ತಿರುವಿದ ಮುಖದ ಹಾಗೆ ಗಡಿಯಾರಕ್ಕೊಂದು ಕಳೆ ಬರುತ್ತದೆ. ಹೊರಗೆ ನಿಜವಾಗಿ ಎಷ್ಟಾಗಿತ್ತೋ ಏನೋ, ಸುಮಾರು ಅಷ್ಟೇ ಆಗಿದ್ದಿರಬೇಕು. ನನ್ನ ಮದುವೆಯ ಕೈಗಡಿಯಾರವನ್ನೂ ಅದಕ್ಕೇ ಹೊಂದಿಸಿಕೊಂಡೆ.

ಗಡಿಯಾರ ಸುಮ್ಮನೆ ಬಂದದ್ದಲ್ಲ. ಇನ್ನು ಮೇಲೆ ಇಡೀ ರಾಜ್ಯದಲ್ಲಿ ಎಲ್ಲೇ ಹಾವು ಕಚ್ಚಲಿ, ಮರ ಬೀಳಲಿ, ಹೆರಿಗೆ ಕಷ್ಟವಾಗಲಿ, ರೋಗಿಯನ್ನು ದವಾಖಾನೆಗೆ ತರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬೆಂಗಳೂರಿನಲ್ಲಿ ಕೂಡಿಸಿ ನೋಡುತ್ತಾರಂತೆ. ವ್ಯಾನು ಇರುವ ದವಾಖಾನೆಯವರು ಹಳದಿ ನಮೂನೆ ತುಂಬಬೇಕು. ವ್ಯಾನು ಕರೆಸಿಕೊಳ್ಳುವ ಹಳ್ಳಿಯ ನರ್ಸಬಾಯಿಯರು ಬಿಳಿ ನಮೂನೆ. ಕರೆ ಬಂದ ವೇಳೆ, ವ್ಯಾನು ಹೊರಟ ವೇಳೆ, ರೋಗಿಯನ್ನು ಮುಟ್ಟಿದ ವೇಳೆ, ತಂದಿಳಿಸಿದ ವೇಳೆ. ಈ ಲೆಕ್ಕ ನೋಡಿ ಯಾವ ಊರಿಗೆ ವ್ಯಾನು ಬೇಕು, ಯಾವ ಊರಿಗೆ ಬೇಡ ಎಂದು ಗೊತ್ತುಮಾಡಲಾಗುವುದು ಎಂದು ಸುತ್ತೋಲೆಯ ಕೊನೆಗೆ ಒಂದು ಸಾಲಿದೆ. ಅಕ್ಷರ ಸಣ್ಣದು. ಸಣ್ಣ ಅಕ್ಷರಕ್ಕೆ ತಲೆಬಾಗುವವನು ನಾನಲ್ಲ.

ಅಕ್ಷರ ಎಂದರೆ ನನ್ನದು. ನನ್ನ 'ಳ' ನೋಡಿ ಹಿಂದಿನ ತಹಸೀಲ್ದಾರರು ಎರಡು ಸಲ ಕನ್ನಡಕ ಒರೆಸಿಕೊಂಡಿದ್ದರು.

೨೦ ಫೆಬ್ರವರಿ, ಸೋಮವಾರ

ಕೇಸು ನಂ. ೬: ಹಾವು, ಗಂಡಸು. ಕೇಸು ನಂ. ೭: ಸುಟ್ಟಗಾಯ, ಹೆಂಗಸು. ಎರಡೂ ಹಳದಿ ಹಾಳೆ ಮುತ್ತು ಪೋಣಿಸಿದ ಹಾಗೆ ಬಂದಿವೆ.

ಕರೆ ಎಂದರೆ ಟೆಲಿಫೋನು ಎಂದು ಬೆಂಗಳೂರಿನವರು ತಿಳಿದಿರಬಹುದು. ಹಳ್ಳಿಗಳಲ್ಲಿ ಟೆಲಿಫೋನು ಎಲ್ಲಿದೆ? ನರ್ಸಬಾಯಿ ಚೀಟಿ ಬರೆದು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾಳೆ. ಕಂಡಕ್ಟರ್ ಅದನ್ನು ಕಿಸೆಯಲ್ಲಿಟ್ಟುಕೊಂಡು, ಊರೂರು ಸುತ್ತಿ, ನಮ್ಮ ಗೇಟಿನ ಮುಂದೆ ಬಸ್ಸು ನಿಧಾನ ಮಾಡಿಸಿ ಎಸೆದು ಹೋಗುತ್ತಾನೆ. ಈಶಪ್ಪ ಅದನ್ನು ಹೆಕ್ಕಿ ತಂದು ನನ್ನ ಮೇಜಿನ ಮೇಲೆ ಇಟ್ಟ ಕ್ಷಣವೇ ಕರೆ ಬಂದ ವೇಳೆ. ಅದಕ್ಕೂ ಮುಂಚೆ ನಡೆದದ್ದು ನನ್ನ ನಮೂನೆಗೆ ಸಂಬಂಧಿಸಿದ್ದಲ್ಲ.

ನರ್ಸಬಾಯಿಯರ ಬಿಳಿ ನಮೂನೆಗಳೂ ನನ್ನ ಟಪಾಲಿನಲ್ಲೇ ಕಾರವಾರಕ್ಕೆ ಹೋಗುತ್ತವೆ. ಇವತ್ತು ಜೇನಕೊಪ್ಪದ ಮಾಗ್ದಲೀನಾಳದು ಬಂತು. ಸಾಂಬ್ರಾಣಿ ಕಡೆಯ ಸಿದ್ದಿ ಮನೆತನದವಳು, ನಾಲ್ಕು ಭಾಷೆಯಲ್ಲಿ ಬೈಯಬಲ್ಲವಳು ಎಂದು ಖ್ಯಾತಿ. ಆದರೆ ನಮೂನೆ ನೋಡಿ ಕಣ್ಣಲ್ಲಿ ನೀರು ಬಂತು. ಪೆನ್ಸಿಲು! ಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟು! ಅಂಕಿ ಬರೆಯಬೇಕಾದ ಕಡೆ "ಮಿಲ್ಲಿನ ಮೊದಲ ಪಾಳಿಯ ಭೋಂಗಾ ಆಗಿ ಹತ್ತು ಮಿನಿಟಿಗೆ ಚೀಟಿ ಕೊಟ್ಟೆ" ಎಂದು ದಾಂಡೇಲಿ ಮಿಲ್ಲಿನ ಸೈರನ್ನಿನ ಪುರಾಣ. ಇನ್ನೊಂದು ಕಡೆ, "ಗೊತ್ತಿಲ್ಲ. ಕೂಸನ್ನು ಹಿಡಿದಿದ್ದೆ."

ಗೊತ್ತಿಲ್ಲ ಎಂದು ಸರಕಾರಿ ನಮೂನೆಯಲ್ಲಿ ಬರೆದವರನ್ನು ನನ್ನ ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ. ಪಾಪ, ಅವಳ ಕೆಲಸಕ್ಕೆ ಸಂಚಕಾರ.

೧೫ ಮಾರ್ಚ್, ಗುರುವಾರ

ಜಿಲ್ಲಾ ಕಚೇರಿಯಿಂದ ಕಾಗದ. ರಾಜ್ಯಕ್ಕೆಲ್ಲ ಹಂಚುವ ಕೈಪಿಡಿಯಲ್ಲಿ "ನಮೂನೆಯನ್ನು ಹೀಗೆ ತುಂಬಬೇಕು" ಎಂದು ಮಾದರಿಯಾಗಿ ಅಚ್ಚು ಹಾಕಿಸಲು ಒಂದು ಹಾಳೆಯನ್ನು ಆರಿಸಿದ್ದಾರಂತೆ.

ಜೇನಕೊಪ್ಪದ್ದು.

೧೬ ಮಾರ್ಚ್, ಶುಕ್ರವಾರ

ಪೆನ್ಸಿಲು.

ಶಂಕ್ರವ್ವ ರೊಟ್ಟಿ ಬಡಿಯುತ್ತ, "ಯಾಕ, ಮಾರಿ ಹಿಂಗ ಮಾಡ್ಕೊಂಡೀರಿ? ಯಾರರ ತೀರಿಕೊಂಡ್ರೇನು?" ಎಂದಳು.

"ಸೌಂದರ್ಯ ತೀರಿಕೊಂತು," ಎಂದೆ.

"ಸಂಜಿಮುಂದ ಮಣ್ಣು ಕೊಟ್ಟು ಬರ್ರಿ, ಈಗ ಉಣ್ರಿ," ಎಂದಳು. ಹನ್ನೆರಡು ವರ್ಷ ಬಾಳ್ವೆ ಮಾಡಿದ ಹೆಂಡತಿ.

೩ ಏಪ್ರಿಲ್, ಮಂಗಳವಾರ

ಇನ್ನೊಂದು ಕಾಗದ. ಈ ಸಲ ಪಟ್ಟಿ. ಜಿಲ್ಲೆಯಲ್ಲಿ ವ್ಯಾನು ಇರುವ ಒಂಬತ್ತು ಕೇಂದ್ರಗಳು, ಒಂದೊಂದು ಕೇಸಿಗೆ ಸರಾಸರಿ ಎಷ್ಟು ಹೊತ್ತು. ಬಿದಿರಕಟ್ಟಿ: ಎರಡು ತಾಸು ಹತ್ತು ನಿಮಿಷ. ಒಂಬತ್ತರಲ್ಲಿ ಒಂಬತ್ತನೆಯದು. ಕೆಳಗೆ ಟಿಪ್ಪಣಿ: "ಜೇನಕೊಪ್ಪದ ನರ್ಸಬಾಯಿಯವರ ಮಾಹಿತಿ ಶ್ಲಾಘನೀಯ."

ಟಪಾಲಿನ ಚೀಲ ಹೊತ್ತ ಎತ್ತಿಗೆ ಬೇರೆಯವರ ಪ್ರೇಮಪತ್ರ ಓದಿ ಹೇಳಿದಂತಾಯಿತು ನನ್ನ ಸ್ಥಿತಿ.

ಕುಳಿತು ವಿಚಾರ ಮಾಡಿದೆ. ಎರಡು ತಾಸು ಹತ್ತು ನಿಮಿಷ ಎಂಬುದು ಮೊದಲನೆಯದಾಗಿ ನೋಡಲು ಕುರೂಪ. ಎರಡನೆಯದಾಗಿ, ಅದರಲ್ಲಿ ಹೊಂಡದ ರಸ್ತೆಯದು ಒಂದಷ್ಟು ತಪ್ಪು, ಮುದಿ ವ್ಯಾನಿನದು ಒಂದಷ್ಟು, ಗೇರು ಬದಲಿಸುವ ಮುಂಚೆ ದೇವರನ್ನು ನೆನೆಯುವ ಈಶಪ್ಪನದು ಒಂದಷ್ಟು. ಇವರೆಲ್ಲರ ತಪ್ಪನ್ನು ನನ್ನ ಅಕ್ಷರ ಯಾಕೆ ಹೊರಬೇಕು? ತುಸು ಉಜ್ಜಿ ಮೆರುಗು ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಇವತ್ತಿನ ಕೇಸು ನಂ. ೩೧: ಹೊರಟದ್ದು ೧೧-೦೭, ತಂದಿಳಿಸಿದ್ದು ೧೧-೪೩. ಎಷ್ಟು ಚೆಂದ! ಚೀಟಿಯನ್ನು ಮನೆಗೆ ಒಯ್ದು ಒಲೆಗೆ ಹಾಕಿದೆ.

೪ ಮೇ, ಶುಕ್ರವಾರ

ಬಿದಿರಕಟ್ಟಿ: ಮೂವತ್ತೆಂಟು ನಿಮಿಷ! ಜಿಲ್ಲೆಗೆ ಪ್ರಥಮ!

ಧಾರವಾಡದ ಫೇಡೆ ತರಿಸಿ ಎಲ್ಲರಿಗೂ ಹಂಚಿದೆ. ಡಾಕ್ಟರ್ ಸಾಹೇಬರು ಪಟ್ಟಿ ನೋಡಿ, ಫೇಡೆ ನೋಡಿ, ನನ್ನನ್ನು ನೋಡಿ, ವಾರ್ಡಿಗೆ ಹೋದರು. ಈಶಪ್ಪ ಮಾತ್ರ ಫೇಡೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

"ಜೇನಕೊಪ್ಪಕ್ಕ ಹೋಗಿ ಬರಾಕ ಮೂವತ್ತೆಂಟು ಮಿನಿಟು! ನನ್ನ ಗಾಡಿಗೆ ರೆಕ್ಕಿ ಹಚ್ಚೀರೇನ್ರಿ ಅಡಿವೆಯ್ಯಾರ? ಬರೇ ಹ್ಯಾಂಡಲ್ ಹೊಡದು ಚಾಲೂ ಮಾಡಾಕ ಹದಿನೈದು ಬೇಕ್ರಿ."

"ಅದು ಸರಾಸರಿ. ನಿನಗ ತಿಳಿಯೂದಿಲ್ಲ. ತಿನ್ನು," ಎಂದೆ.

ಅಷ್ಟರಲ್ಲಿ ಮಾಗ್ದಲೀನಾ ಲಸಿಕೆ ಒಯ್ಯಲು ಬಂದಳು. ಇದಕ್ಕೇ ಕಾಯುತ್ತಿದ್ದೆ. ಅವಳಿಗೆ ಎರಡು ಫೇಡೆ ಕೊಟ್ಟೆ. ಸೋತವರಿಗೆ ಒಂದು ಹೆಚ್ಚು ಕೊಡುವುದು ದೊಡ್ಡತನ.

"ಏನು ವಿಶೇಷ್ರಿ? ಮನ್ಯಾಗ ತೊಟ್ಟಿಲೇನು?" ಎಂದಳು.

ಪಟ್ಟಿ ಮುಂದೆ ಹಿಡಿದೆ. ಓದಿದಳು. ಎರಡನೇ ಫೇಡೆಯನ್ನು ತಿರುಗಿ ಡಬ್ಬಿಯಲ್ಲಿ ಇಟ್ಟಳು. ಆಮೇಲೆ ಗೋಡೆ ಕಡೆ ನೋಡಿ, ತನ್ನ ಕೈಗಡಿಯಾರ ನೋಡಿ, "ನಿಮ್ಮ ಗಡಿಯಾರ ಏಳು ಮಿನಿಟು ಹಿಂದ ಐತಲ್ರಿ," ಎಂದಳು.

"ಸರಕಾರಿ ಗಡಿಯಾರ ಅದು."

"ಹೌದ್ರಿ? ನಂದು ಮಿಲ್ಲಿನ ಭೋಂಗಾಕ್ಕ ಹೊಂದಿಸಿದ್ದು. ಹಂಗಾರ ಮಿಲ್ಲಿನವರಿಗೆ ಒಂದು ಕಾಗದ ಬರೀರಿ, ನಿಮ್ಮ ಅಕ್ಷರ ಚಲೋ ಐತಿ."

ಉರಿ, ಬರೀ ಉರಿ. ಹೊಟ್ಟೆಯದಲ್ಲ, ಹೊಟ್ಟೆ ನೆಟ್ಟಗಿದೆ, ಫೇಡೆಗಳೂ ಚೆನ್ನಾಗಿದ್ದವು.

ಗಡಿಯಾರಕ್ಕೆ ಕೈ ಹಚ್ಚುವುದಿಲ್ಲ.

೮ ಮೇ, ಮಂಗಳವಾರ

ಇವತ್ತು ಸ್ವತಃ ವ್ಯಾನು ಹತ್ತಿದೆ. ಉದ್ದೇಶ ಸ್ಪಷ್ಟವಾಗಿತ್ತು: ಮಾಗ್ದಲೀನಾ ವೇಳೆ ಹಿಗ್ಗಿಸಿ ಬರೆಯುತ್ತಾಳೆ, ಕೈಯಾರೆ ಹಿಡಿಯಬೇಕು. ೮-೫೦ಕ್ಕೆ ಬಸ್ಸಿನಿಂದ ಜೇನಕೊಪ್ಪದ ಚೀಟಿ ಬಿತ್ತು. ಈಶಪ್ಪ ಹ್ಯಾಂಡಲ್ ಹೊಡೆದು, ದೇವರನ್ನು ನೆನೆದು, ೯-೦೫ಕ್ಕೆ ಹೊರಟ. ಮುಟ್ಟಿದ್ದು ನನ್ನ ಗಡಿಯಾರದಲ್ಲಿ ೯-೪೩.

ಮಾಗ್ದಲೀನಾಳ ಉಪಕೇಂದ್ರದ ಬಾಗಿಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: "೬-೦೦ ದಿಮ್ಮಿ ಬಿತ್ತು. ೭-೩೦ ಬಸ್ಸು, ಚೀಟಿ." ನಾವು ಇಳಿಯುವುದನ್ನು ನೋಡಿ, ಕೈಯ ರಕ್ತವನ್ನು ಸೆರಗಿಗೆ ಒರೆಸಿಕೊಂಡು, ಅವಳು ಕೆಳಗೆ ಬರೆದಳು: "೯-೫೦ ವ್ಯಾನು." ನನ್ನ ಗಡಿಯಾರಕ್ಕೂ ಅದಕ್ಕೂ ಏಳು ನಿಮಿಷ. ಅದೊಂದು ಬಿಟ್ಟರೆ ಹಿಡಿಯಲು ಏನೂ ಸಿಗಲಿಲ್ಲ. ಇಷ್ಟು ನಿರಾಶೆಯ ದಿನ ಇನ್ನೊಂದಿಲ್ಲ.

ಕೇಸು ನಂ. ೫೨. ಲಾರಿಗೆ ಸಾಗವಾನಿ ಏರಿಸುವಾಗ ದಿಮ್ಮಿ ಜಾರಿ ಪಾದದ ಮೇಲೆ ಬಿದ್ದಿತ್ತು. ಹೆಸರು ಕಾಯತಾನ, ಸಿದ್ದಿ, ಮೂವತ್ತು ವರ್ಷ ಇದ್ದಾನು. ಅಪಘಾತ ಆರಕ್ಕೆ. ಏಳೂವರೆಗೆ ಮುಂಚೆ ಬಸ್ಸೇ ಇಲ್ಲ. ಆ ಬಸ್ಸು ಊರೂರು ಸುತ್ತಿ ನಮ್ಮ ಗೇಟಿಗೆ ಬರುವ ಹೊತ್ತಿಗೆ ಅವನು ಸುಮಾರು ಮೂರು ತಾಸು ಹಾಗೇ ಬಿದ್ದಿದ್ದ. ನನ್ನ ಹಳದಿ ಹಾಳೆಯಲ್ಲಿ ಅವನ ನೋವು ೮-೫೦ಕ್ಕೆ ಶುರುವಾಗುತ್ತದೆ.

ಹಿಂದಿನ ಸೀಟಿನಲ್ಲಿ ತಲೆ ಹಿಡಿಯಲು ಯಾರಾದರೂ ಬೇಕಿತ್ತು. ಕಾಲು ಮಾಗ್ದಲೀನಾಬಾಯಿಯ ತೊಡೆಯ ಮೇಲೆ, ತಲೆ ನನ್ನ ತೊಡೆಯ ಮೇಲೆ.

"ಟೈಮ್ ಎಷ್ಟಾತ್ರಿ ಸಾಹೇಬ್ರ?" ಎಂದ. ಹತ್ತು ಹೊಡೆದು ಐದಾಗಿತ್ತು.

"ಒಂಬತ್ತೂವರಿ," ಎಂದೆ. ಯಾಕೆ ಹಾಗೆಂದೆನೋ.

ಹೊಂಡ ಬಂದಾಗೊಮ್ಮೆ ಕೇಳಿದ. "ಈಗ?"

"ಒಂಬತ್ತೂವರಿನೇ."

"ಇನ್ನೂನ?"

"ಹೂಂ, ಇನ್ನೂನ."

ಆಮೇಲೆ ಹಲ್ಲು ಕಚ್ಚಿಕೊಂಡೇ ನಕ್ಕ. "ನಿಮ್ಮ ಗಡಿಯಾರ ನಿಂತೈತ್ರಿ ಸಾಹೇಬ್ರ. ಕೀಲಿ ಕೊಡ್ರಿ."

ಆ ತುದಿಗೆ ಕುಳಿತ ಮಾಗ್ದಲೀನಾಬಾಯಿ ನನ್ನನ್ನು ನೋಡಿದರು. ನಾಲ್ಕು ಭಾಷೆ ಬರುವವರು ಒಂದರಲ್ಲೂ ಏನೂ ಅನ್ನದಿದ್ದರೆ ಬಹಳ ಕಿರಿಕಿರಿಯಾಗುತ್ತದೆ.

ತಂದಿಳಿಸಿದ್ದು ೧೦-೪೫.

೯ ಮೇ, ಬುಧವಾರ

ನಂ. ೫೨ರ ನಮೂನೆ ತುಂಬಲು ಕುಳಿತೆ. ಪೆನ್ನು ಸರಿಯಾಗಿ ಬರೆಯುತ್ತಿಲ್ಲ. ನಿಬ್ಬು ಬದಲಿಸಬೇಕು.

೨೮ ಮೇ, ಸೋಮವಾರ

ನಿಬ್ಬು ಬದಲಿಸಿದೆ. ನಮೂನೆ ಇನ್ನೂ ಖಾಲಿ. ಅಷ್ಟರಲ್ಲಿ ಆಜ್ಞೆ ಬಂತು:

"ಬಿದಿರಕಟ್ಟಿಯಲ್ಲಿ ರೋಗಿಗಳು ಸರಾಸರಿ ಮೂವತ್ತೆಂಟು ನಿಮಿಷದಲ್ಲಿ ದವಾಖಾನೆ ತಲುಪುತ್ತಿರುವುದರಿಂದ ಅಲ್ಲಿ ವ್ಯಾನಿನ ಅವಶ್ಯಕತೆ ಕಂಡುಬರುವುದಿಲ್ಲ. ಜೇನಕೊಪ್ಪದಲ್ಲಿ ವ್ಯಾನಿಗಾಗಿ ಬಹಳ ಹೊತ್ತು ಕಾಯಬೇಕಾಗಿರುವುದರಿಂದ ಸದರಿ ವ್ಯಾನನ್ನು ಜೂನ್ ೩೦ರೊಳಗೆ ಅಲ್ಲಿಗೆ ಒಪ್ಪಿಸತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಮೂಲ ದಾಖಲೆ ಸಮೇತ ಹದಿನೈದು ದಿನದಲ್ಲಿ ತಿಳಿಸತಕ್ಕದ್ದು."

ಹಳದಿ ಹಾಳೆಗಳನ್ನು ಒಂದು ಮೇಜಿನ ಮೇಲೆ ಕೂಡಿಸಿದ್ದಾರೆ, ಬಿಳಿ ಹಾಳೆಗಳನ್ನು ಇನ್ನೊಂದರ ಮೇಲೆ. ಎರಡೂ ಒಂದೇ ವ್ಯಾನಿನ ಕಥೆ ಎಂದು ಎರಡೂ ಮೇಜಿಗೆ ಗೊತ್ತಿಲ್ಲ.

ಮಾದರಿ ಹಾಳೆಯೂ ಅವಳದು, ಶ್ಲಾಘನೆಯೂ ಅವಳದು, ಈಗ ವ್ಯಾನೂ ಅವಳದು! ನನಗೆ ಉಳಿದದ್ದು ಪ್ರಥಮ ಸ್ಥಾನ.

ಡಾಕ್ಟರ್ ಸಾಹೇಬರು ಕರೆದು ಕೇಳಿದರು: "ಅಡಿವೆಯ್ಯನವರೇ, ಸೂಪಾ ರಸ್ತೆಯಲ್ಲಿ ಲಾರಿ ಮಗುಚಿದರೆ ನಾಳೆ ಹೆಗಲ ಮೇಲೆ ತರೋದಾ? ಇಲ್ಲಿಂದ ಧಾರವಾಡಕ್ಕೆ ಒಯ್ಯಬೇಕಾದರೆ?" ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು.

ಮೂಲ ದಾಖಲೆ ಎಂದರೆ ಚೀಟಿಗಳು. ಏಪ್ರಿಲ್ಲಿನ ಹತ್ತೊಂಬತ್ತು ಚೀಟಿಗಳ ಉರಿಯಲ್ಲಿ ಶಂಕ್ರವ್ವ ಸಜ್ಜಿಗೆ ಮಾಡಿದಳು.

ಒಂದು ಮಾತು ಮಾತ್ರ ಖಚಿತ. ಆ ವ್ಯಾನು ಜೇನಕೊಪ್ಪಕ್ಕೆ ಹೋಗಕೂಡದು. ಇದರಲ್ಲಿ ಪರೋಪಕಾರ ಏನೂ ಇಲ್ಲ, ಅವಳಿಗೆ ಸಿಗಬಾರದು, ಅಷ್ಟೇ.

೩೦ ಮೇ, ಬುಧವಾರ

ಬಸ್ಸಿನಲ್ಲಿ ಜೇನಕೊಪ್ಪಕ್ಕೆ ಹೋದೆ. ಮಾಗ್ದಲೀನಾಬಾಯಿ ಕಟ್ಟೆಯ ಮೇಲೆ ಕುಳಿತು ಕೂಸೊಂದನ್ನು ತಕ್ಕಡಿ ಜೋಳಿಗೆಯಲ್ಲಿ ತೂಗುತ್ತಿದ್ದರು.

"ಬರ್ರಿ ಬರ್ರಿ, ಮೂವತ್ತೆಂಟು ಮಿನಿಟಿನ ಸಾಹೇಬ್ರು ಬಂದ್ರು! ಬಸ್ಸಿಗೆ ಎಷ್ಟು ಹಿಡೀತ್ರಿ?"

"ಒಂದು ತಾಸು ಇಪ್ಪತ್ತು," ಎಂದೆ.

"ಖರೇ ಹೇಳಿದ್ರಿ ನೋಡ್ರಿ. ಕುಂಡ್ರರಿ."

ಕುಳಿತೆ. ನೀರು ಕೊಟ್ಟರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಅಂದವಾಗಿ ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಒಂದೇ ಮಾತು: "ನಾನು ಸುಳ್ಳು ಬರದೆ."

"ಗೊತ್ತೈತ್ರಿ. ಈಶಪ್ಪಗ ಗೊತ್ತೈತಿ, ಕಂಡಕ್ಟರ್‌ಗೋಳಿಗೆ ಗೊತ್ತೈತಿ, ಈ ಕೂಸಿನ ಅವ್ವಗ ಗೊತ್ತೈತಿ. ಬೆಂಗಳೂರಾಗ ಒಂದು ಗೊತ್ತಿಲ್ಲ. ಮುಂದ?"

"ವ್ಯಾನು ನಿಮಗ ಬರ್ತೈತಿ. ನಿಮಗೇನು, ಸಂತೋಷ."

ಕೂಸನ್ನು ತಾಯಿಗೆ ಕೊಟ್ಟು ನನ್ನ ಕಡೆ ತಿರುಗಿದರು. "ಏನ್ರಿ ಸಂತೋಷ? ಇಲ್ಲಿ ತಂದು ನಿಲ್ಲಿಸಿದ್ರ ಅದರಾಗ ನಾ ಕೋಳಿ ಸಾಕ್ಲ್ಯಾ? ಡಾಕ್ಟರ್ ನಿಮ್ಮಲ್ಲಿ, ಡ್ರೈವರ್ ನಿಮ್ಮಲ್ಲಿ, ಪೆಟ್ರೋಲ್ ನಿಮ್ಮಲ್ಲಿ. ಹದಿನಾಲ್ಕು ಹಳ್ಳಿ ಹೆಣ್ಣಮಕ್ಕಳು ಯಾರನ್ನ ಕರೀಬೇಕು? ಇನ್ನೊಂದು ಗಾಡಿ ಬೇಕು ಅಂತ ನಾ ಬರದದ್ದು. ನಿಮ್ಮದು ಕಿತ್ತು ಕೊಡ್ರಿ ಅಂತ ಅಲ್ಲ."

ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದರು. ಪ್ರತಿ ಚೀಟಿಯನ್ನೂ ಜೋಡಿ ಬರೆದು, ಒಂದನ್ನು ಕಂಡಕ್ಟರನಿಗೆ ಕೊಟ್ಟು, ಒಂದನ್ನು ಇಟ್ಟುಕೊಂಡಿದ್ದಾರೆ. ಚೀಟಿಯ ಬೆನ್ನಿಗೆ ವ್ಯಾನು ಬಂದ ವೇಳೆ. ಏಪ್ರಿಲ್ಲಿನ ಹತ್ತೊಂಬತ್ತರಲ್ಲಿ ಜೇನಕೊಪ್ಪದ ಹದಿನಾಲ್ಕು ಕೇಸೂ ಇದ್ದವು. ಪೆನ್ಸಿಲು.

"ಒಯ್ರಿ. ಇವಕ್ಕೂ ಫೇಡೆ ಹಂಚಬ್ಯಾಡ್ರಿ ಮತ್ತ."

ಬಸ್ಸು ಹತ್ತುವಾಗ ಕೇಳಿದರು: "ಕಾಯತಾನನ ಪಾದ ತಗದ್ರು, ಗೊತ್ತೈತಿಲ್ರಿ? ಎರಡು ತಾಸು ಮೊದಲ ಬಂದಿದ್ರ ಉಳೀತಿತ್ತು ಅಂದ್ರಂತ ಡಾಕ್ಟರ್."

ಗೊತ್ತಿತ್ತು. ವಾರ್ಡಿಗೆ ಐದಾರು ಸಲ ಹೋಗಿ ಬಂದಿದ್ದೇನೆ. ವಾರ್ಡು ನನ್ನ ಕೋಣೆಯಿಂದ ಹತ್ತೇ ಹೆಜ್ಜೆ, ಅದನ್ನೆಲ್ಲ ದಿನಚರಿಯಲ್ಲಿ ಬರೆಯುತ್ತ ಕೂಡಲಾಗುವುದಿಲ್ಲ.

೪ ಜೂನ್, ಸೋಮವಾರ

ಉಳಿದ ಐದು ಕೇಸಿಗೆ ಚೀಟಿ ಇಲ್ಲ. ಮನೆಗಳಿಗೆ ನಾನೇ ಹೋದೆ. ಹೊಳೆವ್ವನಿಗೆ ಕುದಿಯುವ ಬೆಲ್ಲದ ಪಾಕ ಬಿದ್ದದ್ದು ಹಾಲು ಹಿಂಡಿದ ಮೇಲೆ, ವ್ಯಾನು ಬಂದದ್ದು ದನ ಮೇಯಲು ಬಿಟ್ಟು ತಿರುಗಿ ಬಂದ ಮೇಲೆ. ಮೂರು ತಾಸಿಗೆ ಕಡಿಮೆ ಇಲ್ಲ. ಮುದಕವ್ವನ ಸೊಸೆಗೆ ಎರಡು ತಾಸು ಐವತ್ತು. ಸಂತಾನನ ಮನೆಯಲ್ಲಿ ಎಷ್ಟು ಹೊತ್ತಾಯಿತು ಎಂದು ಕೇಳಿದ್ದಕ್ಕೆ, "ಅವತ್ತು ಯಾರು ಗಡಿಯಾರ ನೋಡ್ಯಾರ್ರಿ," ಎಂದರು.

ಅಲ್ಲಿ "ಗೊತ್ತಿಲ್ಲ" ಎಂದು ಬರೆದೆ. ಬರೆಯಲು ಅಷ್ಟೇನೂ ಕಷ್ಟವಾಗಲಿಲ್ಲ. 'ಳ' ಇಲ್ಲದ ಪದ, ಅಷ್ಟೇ ಕೊರತೆ.

ಏಪ್ರಿಲ್ಲಿನ ಹತ್ತೊಂಬತ್ತು, ಮೇ ತಿಂಗಳಿನ ಕಾಯತಾನನದು ಒಂದು. ನೋವು ಶುರುವಾದ ವೇಳೆಗೆ ನಮೂನೆಯಲ್ಲಿ ಜಾಗವಿಲ್ಲ. ಸ್ಕೇಲು ಇಟ್ಟು ಹೊಸ ಕಾಲಂ ಎಳೆದೆ. ಹೊಸ ಸರಾಸರಿ ಮೂರು ತಾಸು ಐದು ನಿಮಿಷ. ಒಂಬತ್ತರಲ್ಲಿ ಹತ್ತನೆಯ ಸ್ಥಾನ ಬಂದರೂ ಬರಬಹುದು. ಮೇಲೆ ಒಂದು ಕಾಗದ: "ಹಿಂದಿನ ಅಂಕಿಗಳು ಕೆಳಗೆ ಸಹಿ ಮಾಡಿದವನ ಸ್ವಂತ ಸೃಷ್ಟಿ."

ಸಾಹೇಬರು ಓದಿ ರುಜು ಹಾಕಿದರು. "ಕೆಲಸ ಹೋಗಬಹುದು, ಗೊತ್ತಲ್ಲ?" ಎಂದರು. ಗೊತ್ತು.

ಶಂಕ್ರವ್ವನಿಗೂ ಹೇಳಿದೆ. ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಂತೂ ಮಾಗ್ದಲೀನಾಬಾಯಿಗೆ ವ್ಯಾನು ದಕ್ಕುವುದಿಲ್ಲ ಎಂಬ ತೃಪ್ತಿ ನನಗೆ ಸಾಕು.

೨೨ ಜೂನ್, ಶುಕ್ರವಾರ

ವ್ಯಾನು ಇಲ್ಲೇ ಇರಲಿ ಎಂದು ಆಜ್ಞೆ. ಜೇನಕೊಪ್ಪಕ್ಕೆ ಬೇರೆ ಜೀಪು ಕೊಡುವ ವಿಚಾರ "ಪರಿಶೀಲನೆಯಲ್ಲಿದೆ". ಗುಮಾಸ್ತ ಅಡಿವೆಯ್ಯನಿಗೆ ಕಟ್ಟುನಿಟ್ಟಿನ ಎಚ್ಚರಿಕೆ, ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ನಮೂದು. ನಮೂದಿಸಿದವರ ಅಕ್ಷರ ತೀರಾ ಸಾಧಾರಣ. ಅದಕ್ಕೇ ಬೇಜಾರು.

ಈಶಪ್ಪ ವ್ಯಾನಿಗೆ ಕಾಯಿ ಒಡೆದು, ಚೂರು ತಂದು ನನ್ನ ಮೇಜಿನ ಮೇಲೆ ಇಟ್ಟ. "ಜಿಲ್ಲೆಗೆ ಕಡೀ ನಂಬರ್ ಬಂದದ್ದಕ್ಕ ತಗೋರಿ," ಎಂದ.

ಈಗ ಬಸ್ಸಿನ ಹೊತ್ತಿಗೆ ನಾನೇ ಗೇಟಿಗೆ ಹೋಗಿ ನಿಲ್ಲುತ್ತೇನೆ. ಕಂಡಕ್ಟರನಿಂದ ಚೀಟಿ ಕೈಯಲ್ಲೇ ಇಸಿದುಕೊಳ್ಳುವುದು ಲೇಸು. ನೆಲಕ್ಕೆ ಬಿದ್ದರೆ ಕಾಗದ ಕೊಳೆಯಾಗುತ್ತದೆ.

೨ ಜುಲೈ, ಸೋಮವಾರ

ಕೈಪಿಡಿಯ ಮಾದರಿ ಹಾಳೆಗೆ ಪೆನ್ಸಿಲು ಅಚ್ಚಿನಲ್ಲಿ ಮೂಡುವುದಿಲ್ಲವಂತೆ. ಒಳ್ಳೆಯ ಅಕ್ಷರದವರು ಬಂದು ಮಸಿಯಲ್ಲಿ ನಕಲು ಮಾಡಿಕೊಡಬೇಕಂತೆ. ಕರೆ ನನಗೇ ಬಂದಿದೆ. ನಾಳೆ ಬೆಳಗಿನ ಬಸ್ಸಿಗೆ ಕಾರವಾರ, ಎಂಟು ದಿನ. ಇಡೀ ರಾಜ್ಯದಲ್ಲಿ ನನ್ನ ಅಕ್ಷರ, ಕೆಳಗೆ "ಮಾಗ್ದಲೀನಾ, ಜೇನಕೊಪ್ಪ". ಅರಿಸಿನದ ಹೆಬ್ಬೆಟ್ಟು ಒಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಇದ್ದ ಹಾಗೆಯೇ ಬರೆಯುತ್ತೇನೆ, "ಗೊತ್ತಿಲ್ಲ. ಕೂಸನ್ನು ಹಿಡಿದಿದ್ದೆ" ಎಂಬುದನ್ನೂ. ಹೊಟ್ಟೆ ಉರಿಯುತ್ತಿದೆ. ಈ ಸಲ ಹೊಟ್ಟೆಯೇ.

ಈ ದಿನಚರಿ ಮೇಜಿನ ಎಡ ಖಾನೆಯಲ್ಲಿ ಇರುತ್ತದೆ. ಖಾನೆಗೆ ಕೀಲಿ ಇಲ್ಲ. ಈಶಪ್ಪನೋ, ಇನ್ನಾರೋ, ನಾನಿಲ್ಲದಾಗ ತೆಗೆದು ಇಲ್ಲಿಯವರೆಗೆ ಓದಿದವರು ನೀವು ಯಾರೇ ಆಗಿರಿ, ಬೈಯುವುದಿಲ್ಲ. ಒಂದು ಉಪಕಾರ ಮಾಡಿ. ಬುಧವಾರ ಮಾಗ್ದಲೀನಾಬಾಯಿ ಲಸಿಕೆಗೆ ಬರುತ್ತಾರೆ. ಅವರು ಬರುವ ಮೊದಲು ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸಿಡಿ. ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ಹಳೆಯ ಸುತ್ತೋಲೆ ಮಡಚಿ ಇಟ್ಟರೆ ಅಲುಗುವುದಿಲ್ಲ.